ಮೂರು ಮೊಳ ಸರಿದ ಕೋಟೆ

ಅಮದಳ್ಳಿಯಿಂದ ಅಂಕೋಲೆಯ ಕಡೆ ಬರುವಾಗ ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ಗುಡ್ಡವಿದೆ. ಅದರ ಮೇಲೊಂದು ಹಳೆಯ ಕೋಟೆ ಇತ್ತು. ಅದರಲ್ಲಿ ಉಳಿದದ್ದು ಇಷ್ಟೇ: ಚಿರೇಕಲ್ಲಿನ ಒಂದು ದಪ್ಪ ಗೋಡೆ, ಅದನ್ನು ಹತ್ತಲು ಮುರುಕು ಮೆಟ್ಟಿಲು, ಗೋಡೆಯ ಬುಡದಲ್ಲಿ ಒಂದು ದೇವರ ಕಲ್ಲು. ಗೋಡೆಯ ಮೇಲೆ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲವಿದೆ. ಮೆಟ್ಟಿಲಿನಿಂದ ಸಮುದ್ರದ ಕಡೆಗೆ ನೇರ ಹೋಗಿ ಅದು ಫಕ್ಕನೆ ಮುಗಿಯುತ್ತದೆ. ಮುಂದೆ ದುಂಡನೆಯ ಬುರುಜು ಇತ್ತಂತೆ. ಯಾವಾಗಲೋ ಕುಸಿದು ಕೆಳಗಿನ ಕಪ್ಪು ಬಂಡೆಗಳ ನಡುವೆ ಬಿದ್ದಿದೆ. ಗೋಡೆಯ ತುದಿಯಿಂದ ಆ ಬಂಡೆಗಳಿಗೆ ಐದಾರು ಆಳು ಎತ್ತರ.

ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಎರಡು ತಿಂಗಳಾಯಿತು. ಇಷ್ಟು ದಿನ ಬರೆದದ್ದು ಬರೀ ಶುಭೋದಯ ಮತ್ತು ಬೈಗುಳ. ಈ ಗೋಡೆಯ ಸಂಗತಿಯನ್ನು ಮನೆಯಲ್ಲಿ ಪೂರ್ತಿ ಹೇಳಿರಲಿಲ್ಲ. ಹೇಳಿದ್ದರೆ ಮತ್ತೆ ಯಾವ ಕೆಲಸಕ್ಕೂ ಹೊರಗೆ ಬಿಡುತ್ತಿರಲಿಲ್ಲ. ಈಗ ಹೇಗೂ ಮಂಡಿಗಳೇ ಬಿಡುವುದಿಲ್ಲ, ಆದ್ದರಿಂದ ಬರೆಯಬಹುದು.

ಎರಡು ಸಾವಿರದ ಎಂಟು-ಒಂಬತ್ತರ ಮಾತು. ಕಾರವಾರದ ಸರಕಾರಿ ಕಚೇರಿಯೊಂದರಲ್ಲಿ ನಕ್ಷೆ ತೆಗೆಯುವ ಕೆಲಸದಿಂದ ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಘಟ್ಟದ ಮೇಲಿನ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರರೊಬ್ಬರು ಕೋಡಿಬಾಗದ ನಮ್ಮ ಮನೆಗೆ ಬಂದರು. ಜೊತೆಗೆ ಅವರ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ, ಧಾರವಾಡದ ಕಡೆಯವಳು. ಬಿದ್ದುಹೋದ ಕೋಟೆಯನ್ನು ಬಿದ್ದ ಜಾಗದಲ್ಲೇ ಮತ್ತೆ ನಿಲ್ಲಿಸಿ ತೋರಿಸುತ್ತೇವೆ, ಅದಕ್ಕೆ ಉಳಿದ ಗೋಡೆಯ ಅಳತೆ ಇಂಚಿಂಚು ಬೇಕು ಎಂದರು.

"ಎಷ್ಟು ಚಿರೇಕಲ್ಲು ಬೇಕಾದೀತು ಮತ್ತೆ?" ಎಂದು ಕೇಳಿದೆ.

ಹುಡುಗಿ ನಕ್ಕಳು. "ಕಲ್ಲು ಬ್ಯಾಡ್ರೀ ಅಕ್ಕಾರ. ಕಂಪ್ಯೂಟರಿನಾಗ ಕಟ್ಟೂದು." ಚೀಲದಿಂದ ಒಂದು ಹೆಲ್ಮೆಟ್ ತೆಗೆದಳು. ಕಣ್ಣಿನ ಮುಂದೆ ಬೆಂಕಿಪೆಟ್ಟಿಗೆಯಷ್ಟು ಎರಡು ಪುಟ್ಟ ಪರದೆ, ಹಣೆಯ ಮೇಲೆ ಒಂದು ಕ್ಯಾಮರಾ. ಹಾಕಿಕೊಂಡವರಿಗೆ ತಮ್ಮ ಕಣ್ಣಿನಿಂದ ಏನೂ ಕಾಣುವುದಿಲ್ಲ, ಕ್ಯಾಮರಾ ಕಂಡದ್ದಷ್ಟೇ ಪರದೆಯಲ್ಲಿ ಕಾಣುತ್ತದೆ. ಆ ಚಿತ್ರದ ಮೇಲೆ ಕಂಪ್ಯೂಟರು ಹಳೆಯ ಕೋಟೆಯನ್ನು ಬರೆದು ಕೂರಿಸುತ್ತದೆ. ತಲೆ ತಿರುಗಿಸಿದರೆ ಕೋಟೆಯೂ ತಕ್ಕಂತೆ ತಿರುಗುತ್ತದೆ. ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಅನ್ನುತ್ತಾರೆ ಎಂದಳು. ನಾನು ಅದನ್ನು ಹೇಳಲು ಕಲಿಯಲು ಒಂದು ವಾರ ಬೇಕಾಯಿತು.

ಜನವರಿಯಲ್ಲಿ ಹನ್ನೆರಡು ದಿನ ಅಳೆದೆವು. ನೂರಡಿಯ ಉಕ್ಕಿನ ಟೇಪು, ಗಾರೆಯವರ ತೂಗುಗುಂಡು, ನನ್ನ ಹಳೆಯ ಕಚೇರಿಯ ಪುಸ್ತಕ. ಟೇಪಿನ ಸೊನ್ನೆಯ ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಗೋಡೆಯ ಮೇಲಿನ ಅಳತೆಯನ್ನೆಲ್ಲ ಅವಳೇ ಓಡಾಡಿ ತೆಗೆದಳು. ನಾನು ಏಣಿಯ ಮೂರನೇ ಮೆಟ್ಟಿಲಿನಿಂದಾಚೆ ಹೋದವಳಲ್ಲ, ಕೆಳಗೆ ನಿಂತು ಬರೆದುಕೊಂಡೆ.

ಅಳತೆ ಎಂದರೆ ಎಲ್ಲವನ್ನೂ ಒಂದೇ ಕಡೆಯಿಂದ ಅಳೆಯಬೇಕು. ಆ ಒಂದು ಬಿಂದು ಅಲ್ಲಾಡಬಾರದು. ಹುಡುಗಿ ನೆಲಕ್ಕೆ ಕಬ್ಬಿಣದ ಗೂಟ ಹೊಡೆಯೋಣ ಎಂದಳು. ಪ್ರಾಚ್ಯವಸ್ತು ಇಲಾಖೆಯವರು ಒಪ್ಪುವುದಿಲ್ಲ ಎಂದರು ಪ್ರೊಫೆಸರರು. ಮರದ ಗೂಟ ಹೊಡೆದರೆ ಯಾರಾದರೂ ಒಲೆಗೆ ಒಯ್ಯುತ್ತಾರೆ, ಬಣ್ಣದ ಗುರುತು ಮಾಡಿದರೆ ದನಗಳು ಮೈ ತಿಕ್ಕಿ ಅಳಿಸುತ್ತವೆ. ಆಗ ನಾನೇ ದೊಡ್ಡ ಜಾಣೆಯ ಹಾಗೆ ಹೇಳಿದೆ: "ದೇವರ ಕಲ್ಲು ಅದ್ಯಲ್ಲ. ಅದಕ್ಕೆ ಯಾರೂ ಕೈ ಹಚ್ಚೂದಿಲ್ಲ. ಅದ್ರಿಂದ ಅಳೀರಿ."

ಗೋಡೆಯ ಬುಡಕ್ಕೆ ಒತ್ತಿ ಕುಳಿತಿದ್ದ ಕಲ್ಲು, ತೆಂಗಿನಕಾಯಿ ತುಂಬಿದ ಬುಟ್ಟಿಯಷ್ಟು ದೊಡ್ಡದು. ಕೆಳಗಿನ ಗದ್ದೆಕೇರಿಯ ಒಬ್ಬ ಅಜ್ಜಿ ಅದಕ್ಕೆ ಹೂ ಇಡುತ್ತಿದ್ದಳು. ಕೇಳದೆ ಬಣ್ಣ ಹಚ್ಚಬಾರದೆಂದು ಕೇಳಲು ಹೋದೆ.

"ದ್ಯಾವ್ರಿಗೆ ಬಿಳೀ ಬೊಟ್ಟು ಯಂತಕ್ಕೆ?" ಎಂದಳು ಅಜ್ಜಿ.

"ಅಳತೆಗೆ ಅಮ್ಮಾ. ಬೆನ್ನಿಗೆ, ಸಣ್ಣದು."

"ಬೆನ್ನಿಗಾದ್ರೆ ಅಡ್ಡಿ ಇಲ್ಲ. ಒಂದು ಕಾಯಿ ಕೊಡು."

ಕಾಯಿ ಕೊಟ್ಟೆ. ಕಲ್ಲಿನ ಬೆನ್ನಿಗೆ ಬಿಳಿ ಚುಕ್ಕೆ ಇಟ್ಟೆ. ಅಲ್ಲಿಂದ ಗೋಡೆಯ ಉದ್ದಕ್ಕೆ ಅಳೆದರೆ ಮುರಿದ ತುದಿ ಸರಿಯಾಗಿ ಅರವತ್ತೊಂದು ಅಡಿಗೆ ಬಂತು. ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ಎರಡು ಗೆರೆಯ ಮೇಲೆಯೇ ಹುಡುಗಿ ಮುಂದಿನ ಮೂರು ತಿಂಗಳು ಕಾಲೇಜಿನಲ್ಲಿ ಕುಳಿತು ಇಡೀ ಕೋಟೆ ಕಟ್ಟಿದಳು.

ಏಪ್ರಿಲ್‌ನಲ್ಲಿ ಅವರು ಮತ್ತೆ ಬಂದರು. ಇದಕ್ಕೆ ಹಣ ಕೊಡುವ ದೆಹಲಿಯ ಇಲಾಖೆಯಿಂದ ಒಬ್ಬ ಅಧಿಕಾರಿ, ಮೂಲದಲ್ಲಿ ಕನ್ನಡದವರೇ, ಐದನೇ ದಿನ ನೋಡಲು ಬರುವವರಿದ್ದರು. ಅವರು ಹೂಂ ಎಂದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಅಲ್ಲಿಗೇ ಮುಗಿಯಿತು. ಅವರು ಹೆಲ್ಮೆಟ್ ಹಾಕಿಕೊಂಡು ಗೋಡೆಯ ಮೇಲೆ ಬುರುಜಿನ ಕಡೆಗೆ ನಡೆಯಬೇಕೆಂಬುದು ಪ್ರೊಫೆಸರರ ಆಸೆ.

"ಬುರುಜು ಇಲ್ವಲ್ಲ ಸರ್," ಎಂದೆ.

"ಅದಕ್ಕೇ ಕೆಂಪು ಪಟ್ಟಿ ಇಟ್ಟಿದ್ದೇವೆ," ಎಂದರು. ನಿಜವಾದ ಗೋಡೆ ಮುಗಿಯುವುದಕ್ಕೆ ನಾಲ್ಕು ಅಡಿ ಮೊದಲು ಚಿತ್ರದಲ್ಲಿ ಒಂದು ಕೆಂಪು ಅಡ್ಡಪಟ್ಟಿ ಕಾಣುತ್ತದೆ. ನಡೆಯುವವರು ಅಲ್ಲಿ ನಿಲ್ಲಬೇಕು. ಅದರಾಚೆ ಪರದೆಯಲ್ಲಿ ಗೋಡೆ ಮುಂದುವರಿದು ಬುರುಜಿಗೆ ಸೇರಿದ ಹಾಗೆ ಕಾಣುತ್ತದೆ, ನಿಜದಲ್ಲಿ ಗಾಳಿ.

ಕ್ಯಾಮರಾಕ್ಕೆ ತಾನು ಎಲ್ಲಿದ್ದೇನೆ ಎಂದು ತಿಳಿಯಲು ಗೋಡೆಯ ಮೇಲೆ ಗುರುತಿನ ಹಲಗೆಗಳನ್ನು ನಿಲ್ಲಿಸಬೇಕಿತ್ತು. ಕಪ್ಪು ಚೌಕ, ನಡುವೆ ಬೇರೆ ಬೇರೆ ಬಿಳಿ ಆಕಾರ. ಯಾವ ಹಲಗೆ ಕಲ್ಲಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಮೊದಲೇ ಕಂಪ್ಯೂಟರಿಗೆ ಬರೆದುಕೊಟ್ಟಿರುತ್ತಾರೆ. ಮೊದಲ ದಿನ ಒಂದೂ ಕೆಲಸ ಮಾಡಲಿಲ್ಲ. ಪ್ಲಾಸ್ಟಿಕ್ ಹೊದಿಸಿದ ಹಲಗೆಗಳು ಏಪ್ರಿಲ್ ಬಿಸಿಲಿಗೆ ಕನ್ನಡಿಯಂತೆ ಹೊಳೆದು, ಕ್ಯಾಮರಾಕ್ಕೆ ಕಪ್ಪು ಯಾವುದು ಬಿಳಿ ಯಾವುದು ತಿಳಿಯದೆ ಕೋಟೆ ಕಾಣಿಸಿಕೊಳ್ಳುವುದು, ಮಾಯವಾಗುವುದು. ಹುಡುಗಿ ಅಳುವಂತಾದಳು. ನಾನು ಅಂಕೋಲಾ ಪೇಟೆಯಿಂದ ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣ ತಂದು ಪ್ಲೈವುಡ್ ಮೇಲೆ ಹೊಸದಾಗಿ ಬರೆದುಕೊಟ್ಟೆ. ಆ ಬಣ್ಣಕ್ಕೆ ಹೊಳಪಿಲ್ಲ. ಕೋಟೆ ಗಟ್ಟಿಯಾಗಿ ನಿಂತಿತು. ಪ್ರೊಫೆಸರರು ನನ್ನ ಬೆನ್ನು ತಟ್ಟುವುದೊಂದು ಬಾಕಿ. ನಾನೂ ಉಬ್ಬಿಹೋದೆ. ಮುಂದಿನ ತಪ್ಪಿಗೆ ಆ ಉಬ್ಬುವಿಕೆಯೂ ಕಾರಣ.

ಹಲಗೆಗಳ ಜಾಗ ಗುರುತಿಸಲು ದೇವರ ಕಲ್ಲಿನ ಚುಕ್ಕೆಯಿಂದ ದಾರ ಕಟ್ಟಿ ಟೇಪು ಎಳೆದವಳು ನಾನೇ. ಜನವರಿಯಲ್ಲಿ ಕಲ್ಲಿನ ಮೇಲೆ ಬಿಸಿಲಿತ್ತು, ಈಗ ಹೊನ್ನೆ ಮರದ ನೆರಳಿತ್ತು. ಅದು ಕಣ್ಣಿಗೆ ಬಿತ್ತು. ಸೂರ್ಯ ಉತ್ತರಕ್ಕೆ ಬಂದಿದ್ದಾನೆ, ನೆರಳು ಬದಲಾಗಿದೆ ಎಂದುಕೊಂಡು ಟೇಪು ಎಳೆದೆ.

ಅಭ್ಯಾಸ ಶುರುವಾಯಿತು. ಹೆಲ್ಮೆಟ್ ಹುಡುಗಿಯ ತಲೆಗೆ, ಲ್ಯಾಪ್‌ಟಾಪು ನನ್ನ ಕುತ್ತಿಗೆಗೆ. ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವರ ಹಾಗೆ ಒಂದು ಹಲಗೆಯನ್ನು ಪಟ್ಟಿಯಿಂದ ನೇತುಹಾಕಿ, ಅದರ ಮೇಲೆ ಲ್ಯಾಪ್‌ಟಾಪು ಇಟ್ಟಿದ್ದರು. ಅದರಿಂದ ಹೆಲ್ಮೆಟ್‌ಗೆ ಉದ್ದನೆಯ ವೈರು. ನಾನು ಹತ್ತು ಅಡಿ ಹಿಂದೆ ನಡೆಯಬೇಕು. ಬಿಸಿಲಿಗೆ ಪರದೆ ಕಾಣದೆಂದು ನನ್ನ ತಲೆಯಿಂದ ಲ್ಯಾಪ್‌ಟಾಪಿನವರೆಗೆ ಒಂದು ಟುವಾಲು ಹೊದಿಸಿಕೊಂಡಿದ್ದೆ. ಗೋಡೆಯ ಮೇಲೆ ನಡೆಯಲು ಹೇಗೆ ಒಪ್ಪಿದಿರಿ ಎಂದು ಹುಡುಗಿ ಕೇಳಿದ್ದಳು. ಟುವಾಲಿನೊಳಗೆ ಕೆಳಗಿನದು ಕಾಣುವುದಿಲ್ಲವಲ್ಲ, ಅದೇ ಧೈರ್ಯ.

"ನನ್ನ ಬಾಲ ನೀವು," ಎಂದು ಅವಳು ನಗುತ್ತಿದ್ದಳು.

"ಬಾಲ ಜಗ್ಗಿದ್ರೆ ತಲೆ ತಿರುಗ್ತದೆ, ನೆನಪಿರ್ಲಿ," ಎನ್ನುತ್ತಿದ್ದೆ.

ಪ್ರೊಫೆಸರರು ನನಗೆ ಒಂದೇ ಎಚ್ಚರಿಕೆ ಹೇಳಿದ್ದರು: ವೈರು ಕೀಳಬಾರದು. ಕಂಪ್ಯೂಟರು ಓಡುತ್ತಿರುವಾಗ ಕಿತ್ತರೆ, ಚಿತ್ರವನ್ನು ಗೋಡೆಗೆ ಕೂರಿಸಿದ ಹೊಂದಿಕೆಯೆಲ್ಲ ಅಳಿದುಹೋಗಬಹುದು.

ಮೊದಮೊದಲು ಬ್ಯಾಟರಿ ಬಿಸಿಯಾಗಿ ಅರ್ಧ ಗೋಡೆಯವರೆಗೂ ಹೋಗಲಾಗುತ್ತಿರಲಿಲ್ಲ. ಮೂರನೇ ದಿನ ಕೆಳಗೆ ನಿಂತು ಲ್ಯಾಪ್‌ಟಾಪು ನೋಡುತ್ತಿದ್ದಾಗ ಒಂದು ವಿಷಯ ಕಂಡಿತು. ಗೋಡೆಯಲ್ಲಿ ಮಳೆನೀರು ಹೊರಹೋಗಲು ಒಂದು ಕಲ್ಲಿನ ಕಂಡಿ ಇದೆ. ಪರದೆಯಲ್ಲಿ ಅವಳು ಬರೆದ ಕಂಡಿ ನಿಜವಾದ ಕಂಡಿಯ ಮೇಲೆ ಕೂರಬೇಕು. ಅದು ಸಮುದ್ರದ ಕಡೆಗೆ ಮುಂದಿತ್ತು.

"ಇದು ಸರಿದದೆ," ಎಂದೆ.

"ಕ್ಯಾಮರಾದ ಗಾಜಿಂದು ಅಕ್ಕಾರ, ಅಂಚಿನಾಗ ಸ್ವಲ್ಪ ಎಳೀತೈತಿ. ಗೋಡಿ ನೋಡ್ರೀ, ಎಷ್ಟು ಚಂದ ಗೋಡಿ ಮ್ಯಾಲ ಕುಂತೈತಿ."

ಹೌದು, ಬರೆದ ಗೋಡೆ ನಿಜವಾದ ಗೋಡೆಯ ಮೇಲೇ ಕುಳಿತಿತ್ತು. ಒಂದಿಂಚೂ ಆಚೀಚೆ ಇರಲಿಲ್ಲ. ಆದರೂ ಅವರಿಬ್ಬರು ಊಟಕ್ಕೆ ಹೋದಾಗ ಒಬ್ಬಳೇ ಟೇಪು ಹಿಡಿದೆ. ಪುಸ್ತಕದಲ್ಲಿ ಕಂಡಿ ಕಲ್ಲಿನಿಂದ ಇಪ್ಪತ್ತೆರಡು ಅಡಿ. ಟೇಪು ಹದಿನೇಳೂವರೆ ತೋರಿಸಿತು. ಮತ್ತೆ ಎಳೆದೆ. ಹದಿನೇಳೂವರೆ.

ಮೂವತ್ತು ವರ್ಷ ಅಳತೆ ಬರೆದ ಕೈ ತಪ್ಪು ಬರೆದಿದೆ. ಹೇಳಬೇಕಿತ್ತು. ಹೇಳಲಿಲ್ಲ. ಮುದುಕಿಗೆ ಟೇಪು ಓದಲು ಬರುವುದಿಲ್ಲ ಎನ್ನುತ್ತಾರೆ, ಅಧಿಕಾರಿ ಬರಲು ಎರಡೇ ದಿನ ಇದೆ, ಕಂಡಿ ಒಂದೇ ತಪ್ಪಿರಬೇಕು, ಉಳಿದದ್ದೆಲ್ಲ ಸರಿಯಿದೆ ಎಂದು ನನಗೆ ನಾನೇ ಹೇಳಿಕೊಂಡೆ. ತುದಿಯವರೆಗೆ ಹೋಗಿ ಅಳೆದಿದ್ದರೆ ಅಂದೇ ತಿಳಿಯುತ್ತಿತ್ತು. ಆದರೆ ಆ ತುದಿಗೆ ಟುವಾಲಿಲ್ಲದೆ ಹೋಗಲು ನನ್ನ ಕಾಲು ಒಪ್ಪಲಿಲ್ಲ.

ನಾಲ್ಕನೇ ದಿನ ಪ್ರೊಫೆಸರರು ತುದಿಯಲ್ಲಿ ಕಟ್ಟಿದ್ದ ಅಡ್ಡಹಗ್ಗವನ್ನು ಬಿಚ್ಚಿಸಿದರು. ಚಿತ್ರದ ನಡುವೆ ಹಳದಿ ಹಗ್ಗ ಕಂಡರೆ ಅಂದ ಕೆಡುತ್ತದೆಯಂತೆ. ತಾವು ಕೆಳಗೆ ನಿಂತು ವಿಡಿಯೋ ತೆಗೆಯುತ್ತೇನೆ, ಪೂರ್ತಿ ನಡಿಗೆ ಒಮ್ಮೆ ಆಗಲಿ ಎಂದರು. ಹುಡುಗಿ ಹೆಲ್ಮೆಟ್ ಹಾಕಿಕೊಂಡಳು. ಕಿವಿಗೂ ಮುಚ್ಚಳ: ಕೋಟೆಯ ಕಹಳೆ, ಕಾವಲುಗಾರರ ಕೂಗು ಕೇಳಿಸಲು ಹೊಸದಾಗಿ ಸೇರಿಸಿದ್ದಳು. ಅಂದರೆ ಅವಳಿಗೆ ನಾವು ಕಾಣುತ್ತಿರಲಿಲ್ಲ, ನಮ್ಮ ಮಾತೂ ಕೇಳುತ್ತಿರಲಿಲ್ಲ.

ಅವಳು ಅರ್ಧರ್ಧ ಹೆಜ್ಜೆ ಇಡುತ್ತ ಹೊರಟಳು. ನಾನು ಟುವಾಲಿನೊಳಗೆ ಪರದೆ ನೋಡುತ್ತ ಹಿಂದೆ. ಪರದೆಯಲ್ಲಿ ಎಷ್ಟು ಭದ್ರವಾದ ಗೋಡೆ! ಎರಡೂ ಕಡೆ ಆಳೆತ್ತರದ ಕೈಪಿಡಿ ಗೋಡೆ, ಮುಂದೆ ದುಂಡು ಬುರುಜು, ದೂರದಲ್ಲಿ ಕೆಂಪು ಪಟ್ಟಿ. ನನಗೂ ಭಯ ಹೋಗಿತ್ತು. ಕೆಳಗೆ ಗದ್ದೆಕೇರಿಯ ಅಜ್ಜಿಯ ದನಿ ಕೇಳಿತು.

"ಯಾರೇ ದ್ಯಾವ್ರ ಕುತ್ಗಿಗೆ ದಾರ ಕಟ್ದವ್ರು? ತಂಗೀ, ನೀನೇಯಾ?"

"ಅಳತೆದು ಅಮ್ಮಾ. ಸಂಜೆ ಬಿಚ್ತೆ," ಎಂದೆ ಟುವಾಲಿನೊಳಗಿಂದ.

"ಕಟ್ಟೂದಾದ್ರೆ ಮಳಿ ಬಂದ್ಮೇಲೆ ಕಟ್ಬೇಕಿತ್ತು. ಅವ ತನ್ನ ಜಾಗಕ್ಕೆ ಹೋದ್ಮೇಲೆ. ನೆಳ್ಳಿಗೆ ಬಂದು ನಾಕು ದಿನ ಆರಾಮ ಕೂತವ್ನಿಗೆ ಯಾಕೆ ಕಾಟ ಕೊಡ್ತ್ರಿ?"

ನಾನು ನಿಂತುಬಿಟ್ಟೆ. "ತನ್ನ ಜಾಗ ಅಂದ್ರೆ?"

"ಆಚೀಗೆ. ಸುಗ್ಗಿ ಮುಗ್ದದ್ದೇ ನಾವು ನಾಕು ಹೆಂಗಸ್ರು ಉರ್ಳಿಸ್ಕಂಡು ಮರದ ಬುಡಕ್ಕೆ ತಂದ್ವಿ. ತಲೆ ಮೇಲೆ ಸೂರಿಲ್ಲ ಅವ್ನಿಗೆ, ಬಿಸ್ಲಲ್ಲಿ ಬೇಯ್ಬೇಕಾ? ಮೂರು ಮೊಳ ಅಷ್ಟೇಯ."

ಮೂರು ಮೊಳ. ನಾಲ್ಕೂವರೆ ಅಡಿ. ಕಲ್ಲು ಗೋಡೆಯ ಉದ್ದಕ್ಕೇ ಸಮುದ್ರದ ಕಡೆಗೆ ಸರಿದಿತ್ತು. ಅದಕ್ಕೇ ಗೋಡೆ ಗೋಡೆಯ ಮೇಲೇ ಕುಳಿತಿತ್ತು, ಯಾರಿಗೂ ತಿಳಿಯಲಿಲ್ಲ. ಕಂಡಿ ಮಾತ್ರವಲ್ಲ, ಹಲಗೆಗಳು, ಬುರುಜು, ಎಲ್ಲವೂ ನಾಲ್ಕೂವರೆ ಅಡಿ ಮುಂದೆ. ಪಟ್ಟಿ ಇರಬೇಕಾದದ್ದು ತುದಿಗೆ ನಾಲ್ಕು ಅಡಿ ಮೊದಲು. ಈಗ ಅದು ಇರುವುದು ತುದಿ ಮುಗಿದು ಅರ್ಧ ಅಡಿ ಆಚೆ.

ಟುವಾಲು ಎತ್ತಿದೆ. ಹುಡುಗಿಯ ಬೆನ್ನು ಕಂಡಿತು. ಅವಳ ಮುಂದೆ ಒಂದು ಮಾರಿನಷ್ಟೂ ಗೋಡೆ ಇರಲಿಲ್ಲ. ಅದರಾಚೆ ಬರೀ ಆಕಾಶ, ಕೆಳಗೆ ನೀರಿನ ಬಿಳಿ ನೊರೆ. ಅವಳು ನಡೆಯುತ್ತಲೇ ಇದ್ದಳು.

ಕೂಗಿದೆ. ಅವಳ ಕಿವಿಯಲ್ಲಿ ಕಹಳೆ. ಓಡಿಹೋಗಿ ಹಿಡಿಯೋಣವೆಂದರೆ ಹತ್ತು ಅಡಿ ದೂರ, ನನ್ನ ಕುತ್ತಿಗೆಯಲ್ಲಿ ಹಲಗೆ, ಓಡುವ ಕಾಲೂ ಅಲ್ಲ. ವೈರನ್ನು ಹಿಂದಕ್ಕೆ ಜಗ್ಗಿದರೆ ಹೆಲ್ಮೆಟ್ ಗದ್ದಕ್ಕೆ ಬಿಗಿದಿದೆ, ಅವಳು ಪಕ್ಕಕ್ಕೆ ಮುಗ್ಗರಿಸಿದರೆ? ಗುರುತಿನ ಹಲಗೆ ಮುಚ್ಚಿದರೆ ಚಿತ್ರ ತಕ್ಷಣ ಹೋಗುವುದಿಲ್ಲ, ನಡುಕ ಕಾಣದಿರಲೆಂದು ಎರಡು ಸೆಕೆಂಡು ಹಾಗೇ ನಿಲ್ಲುವಂತೆ ಅವಳೇ ಮಾಡಿದ್ದಳು. ಎರಡು ಸೆಕೆಂಡಿನಲ್ಲಿ ಎರಡು ಹೆಜ್ಜೆ.

ಲ್ಯಾಪ್‌ಟಾಪಿನಿಂದ ವೈರು ಕಿತ್ತೆ.

ಹೆಲ್ಮೆಟ್‌ನೊಳಗೆ ಕತ್ತಲೆ ಆಯಿತು. ಕಹಳೆಯೂ ನಿಂತಿತು. ಹುಡುಗಿ ನಿಂತಳು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಎತ್ತಿದ್ದು ಎತ್ತಿದ ಹಾಗೇ ಇತ್ತು. ಎರಡೂ ಕೈ ಅಗಲಿಸಿ ತೂಗಾಡಿದಳು.

"ಅಕ್ಕಾರ? ಏನ್ ಆತ್ರೀ? ಏನೂ ಕಾಣವಲ್ದು!"

"ಹಂದಾಡ್ಬೇಡ," ಎಂದೆ. ದನಿ ನನ್ನದೇ ಎಂದು ಅನಿಸಲಿಲ್ಲ. "ಎತ್ತಿದ ಕಾಲು ಹಿಂದೆ ಇಡು ಮಗಾ. ಹಿಂದೆ. ಹಾಂ. ಈಗ ಅಲ್ಲೇ ಕೂತ್ಕೊ."

"ಯಾಕ್ರೀ?"

"ಕೂತ್ಕೊ ಅಂದೆ!"

ಕುಳಿತಳು. ಪಾದ ಮುಂದೆ ಚಾಚಿದವಳು ಬಿಸಿ ತಾಗಿದಂತೆ ಹಿಂದಕ್ಕೆ ಎಳೆದುಕೊಂಡಳು. ಹಿಮ್ಮಡಿಗೆ ಏನೂ ಸಿಕ್ಕಿರಲಿಲ್ಲ. ಹೆಲ್ಮೆಟ್ ತೆಗೆದು ನೋಡಿದಳು. ಆಮೇಲೆ ಅವಳು ಮಾಡಿದ ಸದ್ದನ್ನು ಬರೆಯಲು ಈ ಫೋನಿನಲ್ಲಿ ಅಕ್ಷರವಿಲ್ಲ.

ಕುಳಿತೇ ಹಿಂದೆ ಹಿಂದೆ ಸರಿದು ಬಂದಳು. ಅವಳು ನಿಂತಿದ್ದ ಜಾಗದಿಂದ ತುದಿಗೆ ಎಷ್ಟಿತ್ತು ಎಂದು ಆಮೇಲೆ ಅಳೆದೆವು. ಒಂದು ಅಡಿ ನಾಲ್ಕು ಇಂಚು.

ಕೆಳಗಿಳಿದಾಗ ಪ್ರೊಫೆಸರರಿಗೆ ಇನ್ನೂ ಏನಾಯಿತೆಂದು ತಿಳಿದಿರಲಿಲ್ಲ. "ವೈರು ಕೀಳಬೇಡಿ ಎಂದು ಎಷ್ಟು ಸಲ ಹೇಳಿದೆ!" ಎಂದು ಕೂಗಿದರು. ಲ್ಯಾಪ್‌ಟಾಪು ಆರಿಹೋಗಿತ್ತು. ಹೊತ್ತಿಸಿ ನೋಡಿದರೆ ನಾಲ್ಕು ದಿನದ ಹೊಂದಿಕೆ ಒಂದೂ ಉಳಿದಿರಲಿಲ್ಲ.

ನಾನು ಕಲ್ಲಿನ ಪಕ್ಕ ನೆಲದ ಮೇಲೆ ಕುಳಿತು ಎಲ್ಲ ಹೇಳಿದೆ. ಕಲ್ಲು ಸರಿದದ್ದು, ಕಂಡಿಯ ಅಳತೆ ತಪ್ಪಿದ್ದು ನಿನ್ನೆಯೇ ಕಂಡದ್ದು, ಕಂಡೂ ಸುಮ್ಮನಿದ್ದದ್ದು. ಕೊನೆಯದನ್ನು ಹೇಳುವಾಗ ಹುಡುಗಿಯ ಮುಖ ನೋಡಲಾಗಲಿಲ್ಲ.

ಅವಳು ಕಿತ್ತ ವೈರನ್ನು ಸುತ್ತಿ ಇಟ್ಟಳು. ಆಮೇಲೆ, "ನಿನ್ನೀನ ಹೇಳಬೇಕಾಗಿತ್ರೀ ಅಕ್ಕಾರ," ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಗದ್ದೆಕೇರಿಯ ಅಜ್ಜಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ಯಂಗಳ ದ್ಯಾವ್ರ ಮೇಲೆ ಹಾಕ್ಬೇಡಿ ಮತ್ತೆ. ನೀವು ಕೇಳಿದ್ದು ಬೊಟ್ಟು ಇಡೂಕೆ. ಅವ ಅಲ್ಲೇ ಕೂತಿರ್ತ್ನಾ ಅಂದಿ ಕೇಳಿದ್ರಾ?" ಎಂದಳು. ಕೇಳಿರಲಿಲ್ಲ.

ಪ್ರೊಫೆಸರರು ಚೇತರಿಸಿಕೊಂಡು ಲೆಕ್ಕ ಹಾಕಿದರು. ಎಲ್ಲ ಅಳತೆಯಿಂದ ನಾಲ್ಕೂವರೆ ಅಡಿ ಕಳೆದರಾಯಿತು, ಕಂಪ್ಯೂಟರಿನಲ್ಲಿ ಒಂದು ಸಾಲು ಬದಲಿಸಿದರೆ ಸಾಕು, ನಾಳೆಗೆ ಸಿದ್ಧ ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೂರು ಮೊಳ ಎಂಬುದು ಅಜ್ಜಿಯ ಬಾಯಿಮಾತು. ಅವಳ ಮೊಳ ಉದ್ದವೋ ಗಿಡ್ಡವೋ ಯಾರು ಬಲ್ಲರು?

"ಕಳೆಯೂದು ಬ್ಯಾಡ ಸರ್," ಎಂದೆ. "ಈ ಕಲ್ಲೂ ಬ್ಯಾಡ. ಮುರಿದ ತುದಿಯಿಂದಲೇ ಅಳೆಯೂದು. ಸೊನ್ನೆ ಅಲ್ಲಿ ಇಡೂದು."

"ಅಲ್ಲಿ ಟೇಪಿನ ತುದಿ ಹಿಡಿಯೋರು ಯಾರು?"

ಹುಡುಗಿ ಗೋಡೆಯ ಕಡೆಗೆ ನೋಡಿದಳು. ನಾನು ಹಿಡಿಯುತ್ತೇನೆ ಎಂದೆ. ಹೇಳಿದ ಮರುಕ್ಷಣ ಆ ಮಾತನ್ನು ನುಂಗಿಕೊಳ್ಳಬೇಕು ಅನಿಸಿತು.

ಅಜ್ಜಿ ತನ್ನ ಕೇರಿಯಿಂದ ದಪ್ಪ ನಾರಿನ ಹಗ್ಗವನ್ನೂ ಮೂವರು ಗಟ್ಟಿ ಹೆಂಗಸರನ್ನೂ ಕರೆತಂದಳು. ಹಗ್ಗವನ್ನು ನನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು.

"ಮಧ್ಯಾನ ಎಷ್ಟು ಉಂಡಿದ್ಯೇ?" ಎಂದಳು ಅಜ್ಜಿ.

"ಯಾಕೆ?"

"ತೂಕ ಗೊತ್ತಿರ್ಬೇಕಲ್ಲ ಯಂಗಳಿಗೆ. ನೀ ಬಿದ್ರೆ ನಾವೂ ಹಿಂದಿಂದೇ ಬಂದ್ವಿ."

ಹೆಂಗಸರು ನಕ್ಕರು. ನಾನೂ ನಗಲು ನೋಡಿದೆ, ಬಾಯಿ ಒಣಗಿ ತುಟಿ ಹಲ್ಲಿಗೆ ಅಂಟಿತ್ತು. ಕೊನೆಯ ಎರಡು ಮಾರು ಹೊಟ್ಟೆಯ ಮೇಲೆ ತೆವಳಿದೆ. ಚಿರೇಕಲ್ಲು ಕಾದು ಸೀರೆಯ ಮೂಲಕ ಸುಡುತ್ತಿತ್ತು. ತುದಿಯಲ್ಲಿ ತಲೆ ಎತ್ತಲಿಲ್ಲ. ಬೆರಳಿಂದ ಅಂಚು ತಡವಿ, ಟೇಪಿನ ಸೊನ್ನೆಯನ್ನು ಒತ್ತಿ ಹಿಡಿದು, "ಓದು!" ಎಂದು ಕೂಗಿದೆ. ಹುಡುಗಿ ಒಂದೊಂದು ಹಲಗೆಯ ಬಳಿ ನಿಂತು ಅಳತೆ ಓದಿ ಕೂಗುತ್ತ ಬಂದಳು. ಪ್ರೊಫೆಸರರು ಬರೆದುಕೊಂಡರು. ಪ್ರತಿಯೊಂದನ್ನೂ ಎರಡು ಸಲ. ಅಷ್ಟು ಹೊತ್ತೂ ನನ್ನ ಮೂಗಿನ ಕೆಳಗೆ ಅಲೆ ಬಂಡೆಗೆ ಬಡಿಯುವ ಸದ್ದು. ಕಣ್ಣು ಮುಚ್ಚಿದರೆ ಇನ್ನೂ ಜೋರಾಗಿ ಕೇಳುತ್ತಿತ್ತು.

ಆ ಸಂಜೆ, ಮರುದಿನ ಬೆಳಿಗ್ಗೆ ಹುಡುಗಿ ಹೊಂದಿಕೆಯನ್ನೆಲ್ಲ ಮತ್ತೆ ಬರೆದಳು. ಹತ್ತು ಗಂಟೆಗೆ ಸಿದ್ಧವಾಯಿತು. ಅಧಿಕಾರಿ ಹನ್ನೊಂದೂವರೆಗೆ ಬರುವವರು. ಯಾರಾದರೂ ಒಮ್ಮೆ ನಡೆದು ನೋಡಬೇಕಿತ್ತು. ಹುಡುಗಿ ಹೆಲ್ಮೆಟ್ ಕೈಗೆತ್ತಿಕೊಂಡಳು, ಗದ್ದದ ಪಟ್ಟಿ ಹಾಕಲು ಬೆರಳು ಬರಲಿಲ್ಲ. ನಾನು ಅವಳ ಕೈಯಿಂದ ತೆಗೆದುಕೊಂಡೆ. ತಪ್ಪು ನನ್ನದು, ಆದ್ದರಿಂದ ನಾನು ನಡೆಯಬೇಕು ಎಂಬ ದೊಡ್ಡ ಯೋಚನೆ ಆಗ ಬರಲಿಲ್ಲ. ಅವಳನ್ನು ಇನ್ನೊಮ್ಮೆ ಆ ತುದಿಯ ಹತ್ತಿರ ಕಾಣಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಸೊಂಟಕ್ಕೆ ಹಗ್ಗ. ಹಿಂದೆ ಲ್ಯಾಪ್‌ಟಾಪು ಹೊತ್ತು ಹುಡುಗಿ. ಟುವಾಲು ಹೊದೆಯಬೇಡ, ನನ್ನ ಕಾಲನ್ನೇ ನೋಡು ಎಂದಿದ್ದೆ. ಕಿವಿ ಮುಚ್ಚಳ ಬೇಡ ಎಂದೆ. ಹೆಲ್ಮೆಟ್ ಹಾಕಿದ ಕೂಡಲೇ ಗುಡ್ಡ, ಮರ, ಹೆಂಗಸರು ಎಲ್ಲ ಸ್ವಲ್ಪ ಮಸುಕಾಗಿ ಪರದೆಯಲ್ಲಿ ಕಂಡರು. ಮೆಟ್ಟಿಲ ಮೇಲೆ ತಿರುಗಿದ್ದೇ ಕೋಟೆ ಎದ್ದು ನಿಂತಿತು.

ಇದರಲ್ಲಿ ಹೆದರಿಸುವುದು ಏನೆಂದರೆ, ಹೆದರಿಕೆ ಆಗುವಂಥದ್ದೇನೂ ಕಾಣುವುದಿಲ್ಲ. ಕಣ್ಣಿಗೆ ಗಟ್ಟಿ ನೆಲ. ಅದು ಸುಳ್ಳೆಂದು ನನಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಕಾಲು ಸಲೀಸಾಗಿ ಮುಂದೆ ಹೋಗುತ್ತದೆ. ಅದನ್ನು ತಡೆಯಲು ನಾನು ಪ್ರತಿ ಹೆಜ್ಜೆಗೂ ನಿಂತೆ. ಬಲಗಾಲು ಮುಂದಿಟ್ಟು, ಬೆರಳಿಂದ ಕಲ್ಲು ತಡವಿ, ಇದೆ ಎಂದು ಖಚಿತವಾದ ಮೇಲೆ ಎಡಗಾಲು. ಕೆಂಪು ಪಟ್ಟಿ ಹತ್ತಿರ ಬಂತು. ಬೇರೆ ಏನನ್ನೂ ನೋಡಲಿಲ್ಲ. ಪಟ್ಟಿ ನನ್ನ ಎದೆಗೆ ತಾಗುವಷ್ಟು ಹತ್ತಿರವಾದಾಗ ನಿಂತು ಕೂಗಿದೆ.

"ಅಳೆ!"

ಹಿಂದಿನ ಹಲಗೆಯಿಂದ ನನ್ನ ಕಾಲಿನವರೆಗೆ ಟೇಪಿನ ಸದ್ದು. ನನ್ನ ಕಾಲ ಬುಡದಲ್ಲಿ ಏನಿದೆಯೋ ಇಲ್ಲವೋ ಎಂದು ಬೆರಳಿಂದ ಮತ್ತೆ ಕಲ್ಲು ತಡವಿದೆ.

"ಲೆಕ್ಕ ಹಾಕಿದ್ರ ತುದೀಗೆ ನಾಕು ಅಡಿ ಅರ್ಧ ಇಂಚು," ಎಂದಳು ಹುಡುಗಿ. "ಸರಿ ಐತ್ರೀ ಅಕ್ಕಾರ. ಬರ್ರಿ. ಹಿಂದ ಬರ್ರಿ."

ನಡೆದು ಬರಲಾಗಲಿಲ್ಲ. ಅಲ್ಲೇ ಕುಳಿತು, ಹೆಲ್ಮೆಟ್ ತೆಗೆಯದೆ, ಕೈಕಾಲೂರಿ ಹಿಂದಕ್ಕೆ ಬಂದೆ. ಕೆಳಗೆ ಯಾರೋ ನಕ್ಕದ್ದು ಕೇಳಿತು. ನಗಲಿ ಬಿಡಿ.

ಅಧಿಕಾರಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಎಲ್ಲ ಕೇಳಿಕೊಂಡು, "ಗೋಡೆಯ ಮೇಲೆ ನಡೆಯುವುದು ಸುರಕ್ಷಿತ ತಾನೇ?" ಎಂದರು. ಪ್ರೊಫೆಸರರು ಉತ್ತರಕ್ಕೆ ನನ್ನ ಕಡೆ ನೋಡಿದರು. ಅಷ್ಟು ದಿನದಲ್ಲಿ ಅದು ಮೊದಲ ಸಲ.

"ನಾನು ನಡೆದು ನೋಡಿದೆ ಸಾಹೇಬ್ರೆ," ಎಂದೆ. "ಸೊಂಟಕ್ಕೆ ಹಗ್ಗ ಕಟ್ಟಿಸ್ಕೊಂಡ್ರೆ ಬಿಡ್ತೆ. ಇಲ್ದಿದ್ರೆ ಕೆಳಗೇ ನಿಂತು ನೋಡಿ."

ಅವರು ಹಗ್ಗವನ್ನೂ ತಮ್ಮ ಅಂಗಿಯನ್ನೂ ನೋಡಿದರು. ಆಮೇಲೆ ಎರಡೂ ಕೈ ಮೇಲೆತ್ತಿ ನಿಂತರು. ಅಜ್ಜಿಯೇ ಗಂಟು ಹಾಕಿದಳು.

ಅವರು ಹೊರಟರು. ನನ್ನಂತೆ ಅಲ್ಲ, ಕಚೇರಿಯ ಮೊಗಸಾಲೆಯಲ್ಲಿ ನಡೆಯುವವರ ಹಾಗೆ. "ಆಹಾ!" ಎನ್ನುವರು, ಮೇಲೆ ನೋಡುವರು, ಎಡಕ್ಕೆ ತಿರುಗುವರು. ಲ್ಯಾಪ್‌ಟಾಪು ಈಗ ಪ್ರೊಫೆಸರರ ಕುತ್ತಿಗೆಯಲ್ಲಿತ್ತು. ಹುಡುಗಿ ನನ್ನ ಪಕ್ಕಕ್ಕೆ ಬಂದು ಮಣಿಕಟ್ಟು ಹಿಡಿದುಕೊಂಡಳು. ಬಳೆ ಚರ್ಮಕ್ಕೆ ಒತ್ತಿ ನೋಯುವಷ್ಟು ಬಿಗಿಯಾಗಿ. ಅವರು ಕೋಟೆ ನೋಡುತ್ತಿದ್ದರು, ನಾವಿಬ್ಬರು ಅವರ ಬೂಟು ನೋಡುತ್ತಿದ್ದೆವು. ಹಗ್ಗ ಹಿಡಿದ ಹೆಂಗಸರೂ ಅದನ್ನೇ. ಬೂಟು ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ನಿಂತಿತು. ಮುಂದೆ ಎಷ್ಟು ಕಲ್ಲು ಉಳಿದಿದೆ ಎಂದು ಎಣಿಸಿದೆ. ಮೂರು. ಅಷ್ಟರಲ್ಲಿ ಆ ಬೂಟಿನ ಮೂತಿ ಸ್ವಲ್ಪ ಮೇಲೆದ್ದಿತು. ಅವರು ಹಿಮ್ಮಡಿಯ ಮೇಲೆ ತಿರುಗಿ ವಾಪಸು ಹೊರಟರು.

ಕೆಳಗಿಳಿದು ಹೆಲ್ಮೆಟ್ ತೆಗೆದಾಗ ಅವರ ಕೂದಲು ಬೆವರಿಗೆ ಅಂಟಿತ್ತು, ಮುಖ ಶಾಲೆ ಬಿಟ್ಟ ಮಕ್ಕಳ ಹಾಗಿತ್ತು. ಕೆಲಸ ಮುಂದುವರಿಸಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬುರುಜಿನ ಮೇಲೆ ಆ ಬಾವುಟ ಹಾರುವುದಿದೆಯಲ್ಲ, ಅದು ನನಗೆ ಬಹಳ ಹಿಡಿಸಿತು. ನೀವೂ ನೋಡಿದಿರಲ್ಲ?" ಎಂದರು.

"ಯಾವ ಬಾವುಟ?" ಎಂದೆ.

ಹುಡುಗಿ ನನ್ನ ಕೈ ಬಿಟ್ಟಳು. "ಅಕ್ಕಾರ! ಅದನ್ನ ಗಾಳಿಗೆ ಹಾರಸಾಕ ನನಗ ಒಂದು ತಿಂಗಳ ಹಿಡದೈತ್ರೀ!"

ಎಲ್ಲರೂ ನಕ್ಕರು. ಅಧಿಕಾರಿ ಹೆಲ್ಮೆಟನ್ನು ನನ್ನ ಮುಂದೆ ಚಾಚಿ, "ಹಾಗಾದರೆ ಈಗ ಒಮ್ಮೆ ನೋಡಿ, ಇಲ್ಲಿ ನೆಲದ ಮೇಲೆಯೇ ನಿಂತು," ಎಂದರು.

ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡು ಬೇಡವೆಂದು ತಲೆಯಾಡಿಸಿದೆ.